ತಾಲೂಕ ಒಡದ ಬೋರ್ಡ್

‘ಕಮಲಾಪುರ ತಾಲೂಕಿಗೆ ಸ್ವಾಗತ’ ಅನ್ನೋ ಬೋರ್ಡನ್ನ ಕಲಬುರಗಿಯಿಂದ ಟೆಂಪೋದಾಗ ತಂದು ರಸ್ತಾ ಬಾಜೂಕ ನಿಲ್ಲಸಾಕತ್ತಿದ್ದೆ. ಒಬ್ಬ ಯಜಮಾನ ಓಡಿ ಬಂದು ಕಂಬ ಹಿಡಕೊಂಡ.

“ತಮ್ಮಾ, ಶುಕ್ರವಾರ ತನಕ ಹಾಕಬ್ಯಾಡ. ಮಗಳ ಮದುವಿ ಅದ.”

“ಬೋರ್ಡ್ ಬಂದು ತಾಳಿ ಕಟ್ತದೇನ್ರೀ?”

“ಹುಡುಗ ಕಲಬುರಗಿ ತಾಲೂಕಿನ ಕೋಟನೂರಿನಂವ. ಮೊಮ್ಮಗಳನ್ನ ತಾಲೂಕ ದಾಟಿಸಿ ಕೊಡಂಗಿಲ್ಲ ಅಂತ ನಮ್ಮವ್ವನ ಹಟ. ಮೊದಲ ನಾವೂ ಅದೇ ತಾಲೂಕಿನಾಗೇ ಇದ್ವಿ. ತಾಲೂಕ ಒಡದದ್ದು ಆಕಿಗಿನ್ನೂ ಹೇಳಿಲ್ಲೋ.”

ಅವನ ಅವ್ವ ಹಿಂದೇ ನಿಂತು ಎಲ್ಲಾ ಕೇಳಿಸ್ಕೊಂಡಿದ್ಲು. ಯಜಮಾನನ ಮಾರಿ ಸಣ್ಣದಾತು.

“ಹುಡುಗ ಛಲೋ ಅದಾನ, ಮದುವಿ ನಿಲ್ಲಂಗಿಲ್ಲ,” ಅಂದ್ಲು ಮುದುಕಿ. ಆಮ್ಯಾಲ ನನ್ನ ಕಡಿ ತಿರುಗಿದ್ಲು. “ನೀನು ಶುಕ್ರವಾರದೊಳಗ ತಾಲೂಕ ಕೂಡಿಸು.”

ಕೂಡಿಸೋ ಬೋರ್ಡ್ ನನ್ನ ಟೆಂಪೋದಾಗ ಇರಲಿಲ್ಲ.