ಪಟಾಲಮ್ಮನ ಅರ್ಧ ದಿನ

ಕೋಳಿ ಕೂಗುವ ಹೊತ್ತಿಗೆ ಮದರಾಸು ರಸ್ತೆಯ ಸುಂಕದ ಕಟ್ಟೆಯಲ್ಲಿ ಬುಟ್ಟಿಗಳು ಇಳಿಯುತ್ತವೆ. ರಸೆಲ್ ಮಾರುಕಟ್ಟೆಗೆ ಹೊರಟ ಹೆಂಗಸರು ಸೊಪ್ಪಿಗೆ ನೀರು ಚಿಮುಕಿಸುತ್ತ ಸಾಲಾಗಿ ನಿಲ್ಲುತ್ತಾರೆ. ಪಟಾಲಮ್ಮ ಲಾಟೀನನ್ನು ಗೂಟಕ್ಕೆ ಸಿಕ್ಕಿಸಿ, ಗೋಣಿತಟ್ಟಿನ ಮರೆಗೆ ಒಬ್ಬೊಬ್ಬರನ್ನೇ ಕರೆಯುತ್ತಾಳೆ. ಸೊಪ್ಪಿಗೆ ಸುಂಕವಿಲ್ಲ, ತುಪ್ಪಕ್ಕೆ ಉಂಟು. ತುಪ್ಪ ಸೊಪ್ಪಿನಡಿ ಇರುತ್ತದೆ, ಇಲ್ಲವೆ ಸೀರೆಯೊಳಗೆ.

“ಏನೇ ವೆಂಕಟಮ್ಮ, ನಿನ್ನೆ ಇಲ್ಲದ ಬಸಿರು ಇವತ್ತೆಲ್ಲಿಂದ ಬಂತು?”

ಕಗ್ಗದಾಸಪುರದ ವೆಂಕಟಮ್ಮ ನಗು ತಡೆಯಲಾರದೆ ಹೊಟ್ಟೆಗೆ ಕಟ್ಟಿಕೊಂಡ ತುಪ್ಪದ ಚೊಂಬು ಬಿಚ್ಚುತ್ತಾಳೆ. “ನಿನ್ನ ಕಣ್ಣಿಗೆ ಮಣ್ಣು ಹಾಕಕ್ಕಾಗಲ್ಲ ಕಣಕ್ಕ.”

ಹೆಂಗಸರ ಮೈ ಮುಟ್ಟಿ ನೋಡಲು ಹೆಂಗಸೇ ಬೇಕು. ಎರಡನೇ ಮಹಾಯುದ್ಧ ಶುರುವಾದ ವರ್ಷ, ಗಂಡ ತೀರಿಕೊಂಡ ಮೇಲೆ, ಪಟಾಲಮ್ಮ ಅದಕ್ಕೆಂದೇ ಇಲ್ಲಿ ಸೇರಿದಳು. ಅರ್ಧ ದಿನದ ಕೆಲಸವೆಂದು ಬರೆದುಕೊಂಡು, ಜವಾನ ಚಲುವಯ್ಯನ ಸಂಬಳದಲ್ಲಿ ಅರ್ಧ ಗೊತ್ತುಮಾಡಿದರು. ಬುಟ್ಟಿಗಳು ಮಾತ್ರ ಮಧ್ಯಾಹ್ನಕ್ಕೆ ನಿಲ್ಲಲಿಲ್ಲ. ಚಲುವಯ್ಯ ಬರುವ ಹೊತ್ತಿಗೇ ಬಂದು, ಅವನು ಹೊರಡುವ ಹೊತ್ತಿಗೇ ಮನೆಗೆ ಹೋಗುವುದಾಯಿತು. ತುಟ್ಟಿಭತ್ಯೆ ಬಂದಾಗಲೂ ಅವಳಿಗೆ ಅರ್ಧವೇ.

“ರೇಷನ್ ಅಂಗಡೀಲಿ ನಂಗೆ ಅರ್ಧ ರೇಟಿಗೆ ಕೊಡ್ತಾರಾ ಸ್ವಾಮಿ?” ಎಂದು ಮೇಲಧಿಕಾರಿ ಅಂಜನಮೂರ್ತಿಯವರನ್ನು ಕೇಳಿದಳು. ಅರ್ಧ ದಿನದ ಕೆಲಸಕ್ಕೆ ಅರ್ಧ ಸಂಬಳವೆಂದು ಅವರು ರೂಲು ಹೇಳಿದರು.

ಹೋದ ದಸರೆಯ ಮುಂಚೆ, ಯುದ್ಧ ಮುಗಿದು ವರ್ಷವಾದರೂ ಏನೂ ಬದಲಾಗದಿದ್ದಾಗ, ಪಟಾಲಮ್ಮ ಆ ರೂಲನ್ನೇ ಹಿಡಿದಳು. ನಡುಮಧ್ಯಾಹ್ನ ಗೋಣಿತಟ್ಟು ಸುತ್ತಿಟ್ಟು, ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಹುಣಸೆಮರದಡಿ ಕೂತುಬಿಟ್ಟಳು. ಬುಟ್ಟಿಗಳ ಸಾಲು ಬೆಳೆಯಿತು. ಚಲುವಯ್ಯ ಕೈ ಚಾಚಿದ್ದಕ್ಕೆ ಒಬ್ಬಾಕೆ, “ಮುಟ್ಟು ನೋಡೋಣ!” ಎಂದು ಕುಡುಗೋಲು ತೋರಿಸಿದಳು. ಹಿಂದೆ ಎತ್ತಿನಗಾಡಿಗಳು, ಅವುಗಳ ಹಿಂದೆ ಹಾರನ್ ಹೊಡೆಯುವ ಮಿಲಿಟರಿ ಲಾರಿ. ಮೂರನೇ ದಿನವೂ ಹೀಗೇ ಆದಾಗ ಅಂಜನಮೂರ್ತಿಯವರೇ ಸೈಕಲ್ ಏರಿ ಬಂದರು.

“ಹಬ್ಬಕ್ಕೆ ಒಂದು ಸೀರೆ ಕೊಡಿಸ್ತೀನಮ್ಮ, ಏಳು.”

“ಸೀರೆ ನಿಮ್ಮ ತಂಗೀಗೆ ಕೊಡ್ಸಿ ಸ್ವಾಮಿ. ನಾನು ಕೆಲಸದೋಳು, ನಂಗೆ ಸಂಬಳ ಕೊಡ್ಸಿ.”

ಅವರು ಮೇಲಿನವರಿಗೆ ಬರೆದರು. ಇಡೀ ದಿನದ ಕೆಲಸ, ಜವಾನನ ದರ್ಜೆ ಎಂಬ ಹುಕುಂ ಈ ತಿಂಗಳು ಬಂದಿದೆ. ಹಿಂದಿನ ವರ್ಷಗಳ ಬಾಕಿಯ ಮಾತು ಅದರಲ್ಲಿಲ್ಲ. ಅದನ್ನೂ ಕೇಳುತ್ತಾಳಂತೆ.

ಚಲುವಯ್ಯ ಬೀಡಿ ಹಚ್ಚುತ್ತ ಕೆಣಕುತ್ತಾನೆ: “ಇನ್ನೇನಮ್ಮ, ನಮ್ಮ ಸಮ ಆಗ್ಬಿಟ್ಟೆ!”

ಪಟಾಲಮ್ಮ ಮುಂದಿನ ಹೆಂಗಸಿಗೆ ಕೈಸನ್ನೆ ಮಾಡುತ್ತಾಳೆ. “ನಿನ್ನ ಕೆಲಸ ನಾನು ಮಾಡ್ತೀನಿ ಕಣಣ್ಣ. ನನ್ನ ಕೆಲಸ ನಿನ್ನ ಕೈಲಾಗಲ್ಲ. ಹೋಗ್ಲಿ ಬಿಡು, ಸಮಾನೇ ಇರ್ಲಿ.”