ಬಾಯ್ಲರ್ ಕೋಣೆಗೆ ಇಳಿದು ಬಂದ ಕೊಳಲು

ವಾದ್ಯವೃಂದದವರೆಲ್ಲ ಆಕೆಯನ್ನು ಪೆಟ್ಟಿಗೆ ಅಕ್ಕ ಎಂದೇ ಕರೆಯುತ್ತಿದ್ದರು. ಅವರು ವಿದೇಶ ಪ್ರವಾಸಕ್ಕೆ ಹೊರಟಾಗಲೆಲ್ಲ ಮೈಕು, ತಂತಿ, ರೆಕಾರ್ಡಿಂಗ್ ಯಂತ್ರ ತುಂಬಿದ ಕಪ್ಪು ಪೆಟ್ಟಿಗೆಗಳ ಜೊತೆ ಆಕೆಯೂ ಹೊರಡಬೇಕು. ಅಂಚೆ ಕಚೇರಿಯಲ್ಲಿದ್ದ ಗಂಡ ಪ್ರತಿ ಸಲವೂ ಕಾಲೆಳೆಯುತ್ತಿದ್ದ. "ಯಾರೋ ನುಡಿಸ್ತಾರೆ, ಯಾರೋ ಕೇಳ್ತಾರೆ. ಮಧ್ಯದಲ್ಲಿ ನಿಂದೇನೇ ಕೆಲಸ? ಗುಂಡಿ ಒತ್ತೋದು ತಾನೆ?"

ಅವನು ನಿವೃತ್ತನಾದ ವರ್ಷ ಪೆಟ್ಟಿಗೆ ಹೊರುವ ಆಳು ಹೊರಡುವ ಮುಂಚೆ ಕೈಕೊಟ್ಟ. "ಬನ್ನಿ, ಗುಂಡಿ ಒತ್ತೋದನ್ನ ನೋಡೋರಂತೆ," ಎಂದು ಆಕೆ ಗಂಡನನ್ನೇ ಹೊರಡಿಸಿದಳು.

ಪ್ರವಾಸದ ಎರಡನೇ ಊರಿನಲ್ಲಿ ಕೊರೆಯುವ ಚಳಿ. ಸಭಾಂಗಣ ಹಳೆಯದು. ಬೆಳಗಿನ ಅಭ್ಯಾಸದಲ್ಲಿ ಹೆಡ್‌ಫೋನ್ ಹಾಕಿಕೊಂಡವಳೇ ಆಕೆ ಹುಬ್ಬು ಗಂಟಿಕ್ಕಿದಳು. ಗೋಡೆಯ ಕಿಂಡಿಗಳಿಂದ ಬಿಸಿಗಾಳಿ ಸುಯ್ ಎನ್ನುತ್ತಿತ್ತು. ಕೊಳಲೊಂದೇ ನುಡಿಯುವ ನಿಧಾನದ ಭಾಗದಲ್ಲಿ ಕೊಳಲಿಗಿಂತ ಅದರದೇ ಜೋರು.

ಬಿಸಿ ನಿಲ್ಲಿಸುವ ಮಾತೆತ್ತಿದರೆ ಕೊಳಲಿನ ಹಿರಿಯರು ಸಿಡುಕಿದರು. "ಬೆರಳು ಮರಗಟ್ಟಿದ್ರೆ ನಾನೇನು ನುಡಿಸ್ಲಿ ತಾಯಿ, ಬರೀ ಗಾಳಿ ಊದ್ಲಾ?"

"ನಿಮ್ಮ ಆ ಭಾಗಕ್ಕೆ ಮಾತ್ರ ಸರ್. ಮುಗಿದ ತಕ್ಷಣ ಹಾಕಿಸ್ತೀನಿ."

ಆ ಬಿಸಿಗಾಳಿ ಹೊಮ್ಮಿಸುವ ಬಾಯ್ಲರ್ ನೋಡಿಕೊಳ್ಳುವವನು ನೆಲಮಾಳಿಗೆಯಲ್ಲಿದ್ದ. ಅವನ ಭಾಷೆ ಇವಳಿಗೆ ಬಾರದು, ಇವಳದು ಅವನಿಗೆ ಬಾರದು. ಆಕೆ ಬಾಯಲ್ಲೇ ಸುಯ್ ಎಂದು ಕೈ ಅಡ್ಡ ಆಡಿಸಿದಳು, ಆಮೇಲೆ ಕೊಳಲು ಊದುವಂತೆ ಬೆರಳಾಡಿಸಿದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕು ತಲೆಯಾಡಿಸಿದ. ಮೆಟ್ಟಿಲುದ್ದಕ್ಕೂ ತಂತಿ ಎಳೆದು, ಗಂಡನನ್ನು ಅವನ ಪಕ್ಕ ಕೂರಿಸಿ, ಹೆಡ್‌ಫೋನ್ ಹಾಕಿದಳು.

"ಕಛೇರಿನೂ ಇದ್ರಲ್ಲೇ ಕೇಳುತ್ತೆ. ನಾನು ಮೇಲಿನ ಕೋಣೆಯಿಂದ ಇದ್ರಲ್ಲಿ ಹೇಳಿದಾಗ ಅವನ ಭುಜ ತಟ್ಟಿ, ನಿಲ್ಲಿಸ್ತಾನೆ. ಮತ್ತೆ ಹೇಳಿದಾಗ ಮತ್ತೆ ತಟ್ಟಿ. ಅಷ್ಟೇ."

ಮಧ್ಯಾಹ್ನದ ಕಛೇರಿ ಶುರುವಾಯಿತು. ಆಕೆ ಹೇಳಿದಳು, ಗಂಡ ತಟ್ಟಿದ, ಬಾಯ್ಲರ್ ಸುಮ್ಮನಾಯಿತು. ಕಿವಿಯಲ್ಲಿ ಕೊಳಲು ಎದ್ದಿತು. ಸ್ವರಕ್ಕೂ ಮೊದಲಿನ ಉಸಿರು, ಯಾರೋ ಮೆಲ್ಲಗೆ ಹಾಳೆ ತಿರುವಿದ್ದು, ಒಂದು ಕುರ್ಚಿ ಕಿರುಗುಟ್ಟಿದ್ದು, ಎಲ್ಲವೂ ಪಕ್ಕದಲ್ಲೇ. ಮೈಕುಗಳನ್ನು ಎಲ್ಲಿಡಬೇಕೆಂದು ಬೆಳಗಿನಿಂದ ಆಕೆ ಗೇಣು ಗೇಣು ಸರಿಸುತ್ತಿದ್ದುದು ಇದಕ್ಕೇ ಎಂದು ಅವನಿಗೆ ಆಗ ಹೊಳೆಯಿತು. ಇಷ್ಟು ವರ್ಷ ಇವಳು ಒಬ್ಬಳೇ ಇದನ್ನೆಲ್ಲ ಕೇಳಿದ್ದಾಳಲ್ಲ! ಅವನು ಕಣ್ಣು ಮುಚ್ಚಿದ.

"ರೀ, ಹಾಕ್ಸಿ."

ಅವನಿಗದು ಕೇಳಿಸಲೇ ಇಲ್ಲ.

"ರೀ! ಆಗಿನಿಂದ ಎಷ್ಟು ಸಲ ಕರೀಲಿ, ಇದ್ದೀರೋ ಇಲ್ವೋ?"

ಬೆಚ್ಚಿಬಿದ್ದು ಭುಜ ತಟ್ಟುವಷ್ಟರಲ್ಲಿ ಮೇಲೆ ಸಭಾಂಗಣ ತಣ್ಣಗಾಗಿತ್ತು. ಪಿಟೀಲಿನವರು ಬೆರಳಿಗೆ ಬಾಯಿಂದ ಬಿಸಿಗಾಳಿ ಊದಿಕೊಳ್ಳುತ್ತಿದ್ದರು. ಬಿಡುವಿನಲ್ಲಿ ವಾದ್ಯವೃಂದದ ನಿರ್ದೇಶಕರು ಕೆಂಡವಾಗಿ ಆಕೆಯ ಬಳಿ ಬಂದರು.

"ನಾನು..." ಎಂದು ಮೇಲೆ ಬಂದಿದ್ದ ಗಂಡ ಬಾಯಿ ತೆರೆಯುತ್ತಲೇ ಆಕೆ ಅವನ ಕಾಲು ತುಳಿದಳು. "ತಪ್ಪು ನಂದು ಸರ್. ಇನ್ನೊಂದು ಸಲ ಹೀಗಾಗಲ್ಲ."

ಎಲ್ಲ ಮುಗಿದು ತಂತಿ ಸುತ್ತುವಾಗ ಅವನು ಕೇಳಿದ, "ಯಾಕೆ ಹಾಗಂದೆ?"

"ನಿಮ್ಮನ್ನ ಅಲ್ಲಿ ಕೂರಿಸಿದ್ದು ಯಾರು? ನಾನೇ ತಾನೆ?" ಎಂದಳು. ತಂತಿ ಸುತ್ತುತ್ತಲೇ, "ಎಲ್ಲಿ ಮೈಮರೆತ್ರಿ?"

"ಕೊಳಲಿನವರು ಎರಡನೇ ಸಲ ಉಸಿರು ಎಳ್ಕೊಂಡ್ರಲ್ಲ, ಅಲ್ಲಿ."

ಸುತ್ತುತ್ತಿದ್ದ ಕೈ ನಿಂತಿತು. "ಅದು ನಿಮಗೂ ಕೇಳಿಸ್ತಾ?" ಎಂದಳು. ಅವಳ ಮುಖ ಅಷ್ಟು ಅರಳಿದ್ದನ್ನು ಅವನು ಮನೆಯಲ್ಲಿ ನೋಡಿರಲಿಲ್ಲ.

ಮರುದಿನ ತಿಂಡಿಯ ಹೊತ್ತಿಗೆ ಕೊಳಲಿನ ಹಿರಿಯರು ಇನ್ನೂ ಮುಖ ಊದಿಸಿಕೊಂಡೇ ಇದ್ದರು. ಆಕೆ ಅವರಿಗೆ ಹೆಡ್‌ಫೋನ್ ತೊಡಿಸಿ ನಿನ್ನೆಯ ರೆಕಾರ್ಡಿಂಗ್ ಹಾಕಿದಳು. ಅವರ ಚಹಾ ಆರಿತು. ಮುಗಿದ ಮೇಲೆ ಮೇಜಿನತ್ತಲೇ ನೋಡುತ್ತ, "ಇನ್ನೊಂದ್ಸಲ ಹಾಕು ತಾಯಿ," ಎಂದರು.

ಮುಂದಿನ ಊರಿಗೆ ಅವರು ಬೆರಳ ತುದಿ ಕತ್ತರಿಸಿದ ಉಣ್ಣೆಯ ಕೈಗವಸು ತೊಟ್ಟು ಬಂದರು. ಬಂದವರೇ, "ಅಕ್ಕ, ಇಲ್ಲಿ ಬಾಯ್ಲರ್ ಎಲ್ಲಿದೆ, ನೋಡಿದ್ಯಾ?" ಎಂದು ತಾವೇ ವಿಚಾರಿಸಿದರು.