ಬಾಯಮ್ಮನ ಮಿಷನ್ನಿಗೊಂದು ಜಾಗ

ಮಂಚದಡಿಯಿಂದ ಆ ಹಳೆಯ ರಟ್ಟಿನ ಪೆಟ್ಟಿಗೆಯನ್ನು ಎಳೆದು ಬಾಯಿ ಬಿಚ್ಚಿದ ಕೂಡಲೇ ವಾಸನೆ ಬಂತು. ಮಿಷನ್ ಎಣ್ಣೆಯದ್ದು, ಅದರೊಳಗೆ ಸಣ್ಣಗೆ ಲವಂಗದ್ದು. ಎಷ್ಟು ವರ್ಷವಾಯಿತು! ಎಣ್ಣೆಯ ವಾಸನೆ ಉಳಿಯುವುದು ಸರಿ, ಲವಂಗದ್ದು ಹೇಗೆ ಉಳಿಯಿತೋ ನನಗೆ ತಿಳಿಯದು. ಅಥವಾ ಅದು ನನ್ನ ಮೂಗಿನದೇ ಚಾಳಿಯೋ ಏನೋ...

ಪೆಟ್ಟಿಗೆ ಎಳೆಯಲು ಕಾರಣ ಮಂಗಳೂರಿನಲ್ಲಿರುವ ನನ್ನ ಮಗಳು. ಹಿಟ್ಟು ನಾದುವ, ಮೊಟ್ಟೆ ಕದಡುವ ಹೊಸ ಮಿಷನೊಂದನ್ನು ಕಳಿಸಿ, ಅದಕ್ಕೆ ಸರಿಯಾಗಿ ಅಡಿಗೆಕೋಣೆಯನ್ನೂ ಹೊಸದು ಮಾಡಿಸು ಎಂದು ಬಡಗಿಯನ್ನೂ ಗೊತ್ತು ಮಾಡಿದ್ದಳು. ಒಬ್ಬಳು ಹೆಂಗಸಿಗೆ ಎಂತ ಕೇಕು, ಎಂತ ಬನ್ನು! ಹೇಳಿದರೆ ಕೇಳುವ ಜಾತಿಯಲ್ಲ ಅವಳು. ಬಡಗಿ ಅಳತೆಪಟ್ಟಿ ಹಿಡಿದು, "ಅಕ್ಕಾ, ಇದಕ್ಕೆ ಮೇಲೆ ಎಷ್ಟು ಬಿಡ್ಬೇಕು?" ಎಂದು ಕೇಳಿದ. "ಒಂದು ಗೇಣು ಜಾಸ್ತಿ ಬಿಡು. ಮಿಷನ್ನಿನ ತಲೆ ಹಿಂದಕ್ಕೆ ಮಗುಚುವಾಗ ತಾಗ್ತದೆ" ಎಂದೆ. ಹೊಸದನ್ನು ನಾನಿನ್ನೂ ಬಿಚ್ಚಿಯೇ ಇರಲಿಲ್ಲ. ಅವನಿಗೆ ಆಶ್ಚರ್ಯ. ನನಗೆ ಅದನ್ನು ಕಲಿಸಿದವರು ಪುತ್ತೂರಿನ ಲೈನು ಮನೆಯಲ್ಲಿ ನನ್ನ ಪಕ್ಕದ ಗೋಡೆಯ ಆಚೆಗಿದ್ದ ನರ್ಸು.

ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ಬಾಯಮ್ಮ ಎನ್ನುವುದು ರೂಢಿ. ನಾನೂ ಹಾಗೆಯೇ ಕರೆದೆ. ಎಂಬತ್ತರ ದಶಕದ ಆರಂಭ ಅದು. ನಾನು ಕಾಣಿಯೂರಿನಿಂದ ಮದುವೆಯಾಗಿ ಬಂದ ಹೊಸತು. ಗಂಡ ಬಸ್ ಕಂಡಕ್ಟರ್. ವಾರದಲ್ಲಿ ಹೆಚ್ಚಿನ ದಿನ ಬಸ್ಸು ಎಲ್ಲಿ ಹಾಲ್ಟೋ ಅವರೂ ಅಲ್ಲೇ. ತವರಿನಲ್ಲಿ ಹತ್ತು ಜನರ ಗಲಾಟೆಯಲ್ಲಿ ಬೆಳೆದವಳಿಗೆ ಆ ಎರಡು ಕೋಣೆಯ ಮನೆಯಲ್ಲಿ ಪಾತ್ರೆ ತೊಳೆದಿಟ್ಟ ಮೇಲೆ ಎಂತ ಮಾಡುವುದೆಂದೇ ತಿಳಿಯುತ್ತಿರಲಿಲ್ಲ. ಗೋಡೆಯ ಆಚೆ ಬಾಯಮ್ಮ ಲೋಟ ಇಟ್ಟ ಸದ್ದು ಕೇಳಿದರೆ, ಅಬ್ಬ, ಒಂದು ಜೀವ ಉಂಟು ಎಂದು ಸಮಾಧಾನವಾಗುತ್ತಿತ್ತು.

ಅವರಿಗೆ ಐವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ಸಣ್ಣ ಆಳು, ನನ್ನ ಭುಜದವರೆಗೆ ಬರುತ್ತಿದ್ದರು. ಅಪ್ಪ ಬೇಗ ತೀರಿಕೊಂಡದ್ದರಿಂದ ತಮ್ಮ, ತಂಗಿಯನ್ನು ಓದಿಸಿ ದಡ ಮುಟ್ಟಿಸಿದವರು ಅವರೇ. ಕಡಬದಿಂದ ಒಳಗೆ ತಮ್ಮನ ಮನೆ. ತಂಗಿ ಕುವೈಟಿನಲ್ಲಿ ಕೆಲಸಕ್ಕಿದ್ದಳು. ಪ್ರತಿ ಡಿಸೆಂಬರಿನಲ್ಲಿ ಕ್ರಿಸ್ಮಸ್ಸಿನ ತಿಂಡಿಗೆ, ಅವರ ಭಾಷೆಯಲ್ಲಿ ಕುಸ್ವಾರಿಗೆ, ಮೊಟ್ಟೆ ಸಕ್ಕರೆಯನ್ನು ಮರದ ಸೌಟಿನಲ್ಲಿ ಕದಡಿ ಕದಡಿ ಬಾಯಮ್ಮನ ಬಲಗೈ ಊದಿಕೊಳ್ಳುತ್ತಿದ್ದುದನ್ನು ಆ ತಂಗಿ ಮರೆತಿರಲಿಲ್ಲ. ರಜೆಗೆ ಬಂದವಳು ಒಂದು ಮಿಷನ್ ತಂದುಕೊಟ್ಟಳು. ಕೆನೆಬಣ್ಣದ್ದು, ಎತ್ತಲು ಎರಡು ಜನ ಬೇಕಾದಂಥದ್ದು. ಕೆಳಗೆ ಸ್ಟೀಲಿನ ಬೋಗುಣಿ, ಮೇಲೆ ತಲೆ. ತಲೆಯನ್ನು ಹಿಂದಕ್ಕೆ ಮಗುಚಿದರೆ ಬೋಗುಣಿ ಹೊರಗೆ.

"ನನಗೆ ಅಂತ ಯಾರಾದರೂ ಒಂದು ಸಾಮಾನು ತಂದದ್ದು ಇದೇ ಮೊದಲು ಮಗಾ" ಎಂದರು ನನ್ನಲ್ಲಿ. ಎರಡು ಸಲ ಹೇಳಿದರು.

ಆದರೆ ಅದನ್ನು ಇಡುವುದೆಲ್ಲಿ? ಲೈನು ಮನೆಯ ಅಡಿಗೆಕೋಣೆ ಎಂದರೆ ಸೌದೆ ಒಲೆ, ಕಡೆಯುವ ಕಲ್ಲು, ನೀರಿನ ಕೊಡಪಾನ, ಮುಗಿಯಿತು. ಉಳಿದ ಜಾಗದಲ್ಲಿ ನಾವು ನಿಂತರೆ ಬೆಕ್ಕಿಗೆ ತಿರುಗಲು ಎಡೆಯಿಲ್ಲ. ಒಂದು ಬಲ್ಬು ಬಿಟ್ಟರೆ ಕರೆಂಟಿನ ಸಂಗತಿಯೇ ಇಲ್ಲ. ಮಿಷನ್ನಿನ ಪ್ಲಗ್ಗಿಗೋ, ಚಪ್ಪಟೆ ಹಲ್ಲು! ಪೇಟೆಯಿಂದ ಒಬ್ಬ ಬಂದು ಅದನ್ನು ಕತ್ತರಿಸಿ, ವಯರನ್ನು ಬಲ್ಬಿನ ಹೋಲ್ಡರಿಗೆ ಸಿಕ್ಕಿಸಿ ಕೊಟ್ಟ. ಬಾಯಮ್ಮ ಶಿಲುಬೆಯ ಗುರುತು ಮಾಡಿ ಸ್ವಿಚ್ಚು ಒತ್ತಿದರು. ಮಿಷನ್ ಒಮ್ಮೆ ಹೂಂಕರಿಸಿತು, ಇಡೀ ಲೈನಿನ ಫ್ಯೂಸು ಹೋಯಿತು. ಸಾಲಿನ ಕೊನೆಯ ಮನೆಯಲ್ಲಿದ್ದ, ನಮಗೆಲ್ಲ ಬಾಡಿಗೆಗೆ ಕೊಟ್ಟಿದ್ದ ಧಣಿಗಳು ಲುಂಗಿ ಎತ್ತಿ ಕಟ್ಟಿಕೊಂಡು ಓಡಿ ಬಂದರು.

"ಎಂತ ಬಾಯಮ್ಮ, ನೀವು ರೈಸ್ ಮಿಲ್ಲು ಇಟ್ಟದ್ದಾ?"

ಇನ್ನು ಮುಂದೆ ಅದನ್ನು ಮುಟ್ಟಬಾರದು, ಗೋಡೆಗೆ ಒಂದು ಮೊಳೆ ಕೂಡ ಹೊಡೆಯಬಾರದು ಎಂದು ತೀರ್ಪಾಯಿತು. ಮಿಷನ್ ಪೆಟ್ಟಿಗೆಯೊಳಗೆ ಹೋಗಿ ಮಂಚದಡಿ ಸೇರಿತು. ನನಗೆ ನಗು ಉಕ್ಕಿ ಬಂದರೂ ಅವರ ಮುಖ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡೆ.

"ಮಂಚದಡಿ ಇಟ್ಟರೆ ಅದು ಇದ್ದೂ ಇಲ್ಲದ ಹಾಗೆ" ಎಂದರು ಬಾಯಮ್ಮ. "ಜಾಗ ಅಂದ್ರೆ ಎಂತ ಗೊತ್ತುಂಟಾ? ತೆಗೀಲಿಕ್ಕೆ, ಇಡ್ಲಿಕ್ಕೆ ಯಾರನ್ನೂ ಕೇಳುವ ಹಾಗೆ ಇರ್ಬಾರ್ದು."

ಅಷ್ಟರಲ್ಲಿ ತಮ್ಮನ ಮನೆಯಲ್ಲಿ ಅಡಿಗೆಕೋಣೆ ದೊಡ್ಡದು ಮಾಡುವ ಸುದ್ದಿ ಬಂತು. ಪೇಟೆಗೆ ಬಂದಿದ್ದ ತಮ್ಮ, "ಅಕ್ಕ, ರಿಟೈರ್ ಆದ ಮೇಲೆ ಬರುವುದು ನಮ್ಮಲ್ಲಿಗೇ ಅಲ್ವಾ? ನಿಮ್ಮ ಮಿಷನ್ನಿಗೂ ಒಂದು ಕಟ್ಟೆ ಮಾಡ್ಸುವ" ಎಂದು ಬಾಯಿ ತುಂಬ ಹೇಳಿ ಹೋದ. ಆಮೇಲಿನ ಬಾಯಮ್ಮನನ್ನು ನೋಡಬೇಕಿತ್ತು. ಡ್ಯೂಟಿ ಮುಗಿಸಿ ಬಂದು, ಬಿಳಿ ಸೀರೆಯಲ್ಲೇ ನನ್ನ ಕೆಂಪು ನೆಲದ ಮೇಲೆ ಕುಳಿತು, ಸೀಮೆಸುಣ್ಣದಲ್ಲಿ ಇನ್ನೂ ಕಟ್ಟದ ಆ ಅಡಿಗೆಕೋಣೆಯನ್ನು ಬರೆಯುವರು. ಕಿಟಕಿ ಇಲ್ಲಿ, ಒಲೆ ಅಲ್ಲಿ, ಒಲೆಯ ಹಬೆ ಮಿಷನ್ನಿಗೆ ಬಡಿಯಬಾರದು, ನೀರು ಸಿಡಿಯಬಾರದು, ಮೊಟ್ಟೆ ಸಕ್ಕರೆ ಕೈಗೆ ಎಟುಕಬೇಕು. ನಾನು ಗುಡಿಸುವ ಹಾಗಿಲ್ಲ, ಒರೆಸುವ ಹಾಗಿಲ್ಲ. ನನ್ನ ಗಂಡ ಬಂದರೆ ಒಲೆಯನ್ನು ದಾಟಿ, ಕಿಟಕಿಯನ್ನು ತುಳಿದು ಊಟಕ್ಕೆ ಕೂರಬೇಕು.

ಎತ್ತರ ಎಷ್ಟಿರಬೇಕೆಂದು ನೋಡಲು ಮಿಷನ್ನನ್ನು ನನ್ನ ಅಕ್ಕಿ ಪೆಟ್ಟಿಗೆಯ ಮೇಲೆ ಇಟ್ಟೆವು. ಬಾಯಮ್ಮ ಖಾಲಿ ಬೋಗುಣಿಗೆ ಮೊಟ್ಟೆ ಒಡೆದು ಹಾಕಿದಂತೆ, ಸಕ್ಕರೆ ಸುರಿದಂತೆ ಮಾಡಿ, "ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ. ಹಾಂ, ಇದೇ ಸರಿ" ಎಂದು ಖುಷಿಯಿಂದ ತಲೆ ಮಗುಚಿದರು. ಅದು ಹೋಗಿ ಮೇಲಿನ ಹಲಗೆಗೆ ಬಡಿಯಿತು. ಹಲಗೆಯ ಮೇಲಿದ್ದ ನನ್ನ ಮಾವಿನಮಿಡಿಯ ಭರಣಿ ನೆಲಕ್ಕೆ ಬಿದ್ದು ಚೂರು. ಅಯ್ಯೋ, ಅಮ್ಮ ಹಾಕಿಕೊಟ್ಟ ಉಪ್ಪಿನಕಾಯಿ! ನಾನು ಕೂಗಿಕೊಂಡೆ, ಆಮೇಲೆ ಇಬ್ಬರೂ ಕೆಂಪು ರಸದ ನಡುವೆ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮೇಲೆ ಒಂದು ಗೇಣು ಬಿಡಬೇಕೆಂದು ನಾವು ಕಲಿತದ್ದು ಆಗ.

ಅಳತೆ ಕಳಿಸಲು ಅವರು ಆಸ್ಪತ್ರೆಯ ಬ್ಯಾಂಡೇಜ್ ಬಟ್ಟೆಯ ಒಂದು ಉದ್ದ ಪಟ್ಟಿ ತೆಗೆದರು. ಕಟ್ಟೆಯ ಎತ್ತರಕ್ಕೆ ಒಂದು ಗಂಟು, ಅಗಲಕ್ಕೆ ಒಂದು, ತಲೆ ಎತ್ತಿದಾಗ ಬೇಕಾದ ಜಾಗಕ್ಕೆ ಒಂದು. "ಮೇಸ್ತ್ರಿಗೆ ಇದನ್ನು ಕೊಟ್ಟರೆ ಸಾಕು, ತಪ್ಪುವ ಪ್ರಶ್ನೆಯೇ ಇಲ್ಲ" ಎಂದು ತಮ್ಮನ ಕೈಗೆ ಕೊಟ್ಟರು.

ಅಡಿಗೆಕೋಣೆ ಮುಗಿದ ಸುದ್ದಿ ಬಂದ ಮೇಲೆ ಒಂದು ಭಾನುವಾರ, ಚರ್ಚಿನ ಪೂಜೆ ಮುಗಿಸಿ, ಮಿಷನ್ ಸಮೇತ ಹೊರಟೆವು. ಒಬ್ಬರೇ ಹೊರಲಾಗದೆಂದು ನನ್ನನ್ನೂ ಕರೆದರು. ನನ್ನ ಗಂಡನದ್ದೇ ಬಸ್ಸು. ಡ್ರೈವರಿನ ಪಕ್ಕ ಪೆಟ್ಟಿಗೆ ಇಟ್ಟು, ದಾರಿಯುದ್ದಕ್ಕೂ ಬಾಯಮ್ಮ ಅದರ ಮೇಲೆ ಒಂದು ಕೈ ಇಟ್ಟೇ ಕುಳಿತಿದ್ದರು.

ಒಳ್ಳೆಯ ಅಡಿಗೆಕೋಣೆ, ಸುಳ್ಳು ಹೇಳಬಾರದು. ನುಣ್ಣಗೆ ಕಪ್ಪು ಕಲ್ಲು, ಎರಡು ಪ್ಲಗ್ಗು. ಆದರೆ ಕಿಟಕಿಯ ಪಕ್ಕದಲ್ಲಿ ಕಟ್ಟೆ ಇರಲಿಲ್ಲ. ಅಲ್ಲಿ ತಮ್ಮನ ಹೆಂಡತಿಯ ಹೊಸ ಗ್ರೈಂಡರು ನಿಂತಿತ್ತು. ಅವಳು ಕೆಟ್ಟವಳಲ್ಲ. ಮೀನು ಸಾರು ಮಾಡಿ, ಒತ್ತಾಯಿಸಿ ಬಡಿಸಿದಳು. ನನಗೂ ಅರ್ಥವಾಗಲೆಂದು ತುಳುವಿನಲ್ಲೇ ಮಾತಾಡಿದಳು.

"ಅಕ್ಕ, ಅದು ವರ್ಷಕ್ಕೊಮ್ಮೆ ತೆಗೆಯುವ ಸಾಮಾನಲ್ವಾ? ಹಿಂದೆ ಸೌದೆ ಕೊಟ್ಟಿಗೆಯಲ್ಲಿ ಇಡುವ. ಬೇಕಾದಾಗ ಹೇಳಿ, ಇವರು ತೆಗೆದುಕೊಡ್ತಾರೆ."

ತಮ್ಮನೋ ತಟ್ಟೆಯಿಂದ ತಲೆ ಎತ್ತಲಿಲ್ಲ. ಕೈ ತೊಳೆಯಲು ನಾವಿಬ್ಬರೂ ಹಿತ್ತಲಿಗೆ ಹೋದೆವು. ಅಲ್ಲಿ ಬಸಳೆ ಚಪ್ಪರ. ಜಗ್ಗಿದ ಬಸಳೆ ಬಳ್ಳಿಯನ್ನು ಗೂಟಕ್ಕೆ ಎತ್ತಿ ಕಟ್ಟಿದ್ದರು. ಕಟ್ಟಿದ್ದು ಬಿಳಿ ಪಟ್ಟಿಯಲ್ಲಿ. ಅದರಲ್ಲಿ ಬಾಯಮ್ಮನ ಗಂಟುಗಳು ಹಾಗೆಯೇ ಇದ್ದವು.

ಬಾಯಮ್ಮ ಅದನ್ನು ಬಿಚ್ಚಲಿಲ್ಲ. ಪಕ್ಕಕ್ಕೆ ಜಾರಿದ್ದ ಬಳ್ಳಿಯ ಒಂದು ತುದಿಯನ್ನು ಮೆಲ್ಲಗೆ ಎತ್ತಿ ಪಟ್ಟಿಯೊಳಗೆ ಸೇರಿಸಿದರು. ಕೈ ಒರೆಸಿಕೊಂಡು ನನ್ನ ಕಡೆ ತಿರುಗಿ, "ಹೋಗುವ ಮಗಾ, ಬಸ್ಸು ತಪ್ತದೆ" ಎಂದರು. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ನನಗೋ ನಾಲ್ಕು ಮಾತು ಕೇಳಿಯೇ ಬಿಡೋಣ ಎಂದು ನಾಲಗೆ ತುರಿಸುತ್ತಿತ್ತು. ಅವರು ನನ್ನ ಕೈ ಗಟ್ಟಿ ಹಿಡಿದಿದ್ದರು.

ಮಿಷನ್ ನಮ್ಮ ಜೊತೆಗೇ ವಾಪಸು ಬಂತು. ನನ್ನ ಗಂಡ ನಮ್ಮ ಅಡಿಗೆಕೋಣೆಯ ಹಲಗೆಯನ್ನು ಒಂದು ಗೇಣು ಮೇಲಕ್ಕೆ ಏರಿಸಿ ಹೊಡೆದರು, ಧಣಿಗಳ ಕೈಕಾಲು ಹಿಡಿದು ಒಂದು ಪ್ಲಗ್ಗು ಹಾಕಿಸಿದರು. ಬಾಯಮ್ಮನ ಮಿಷನ್ ನನ್ನ ಅಕ್ಕಿ ಪೆಟ್ಟಿಗೆಯ ಮೇಲೆ ನಿಂತಿತು. ಆ ಡಿಸೆಂಬರಿನಲ್ಲಿ ಲವಂಗ ಹಾಕಿದ ಕೇಕಿನ ಪರಿಮಳಕ್ಕೆ ಲೈನಿನ ಮಕ್ಕಳೆಲ್ಲ ನನ್ನ ಬಾಗಿಲಲ್ಲಿದ್ದರು. ಧಣಿಗಳೂ ಎರಡು ತುಂಡು ತಿಂದು, "ಮಿಲ್ಲು ಅಡ್ಡಿಯಿಲ್ಲ ಬಾಯಮ್ಮ" ಎಂದರು.

ಆದರೆ ಒಂದು... ಅವರು ಪ್ರತಿ ಸಲವೂ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದರು. "ಮಗಾ, ಮಿಷನ್ ತೆಗೀಬಹುದಾ?" ನನಗೆ ಸಿಟ್ಟೇ ಬರುತ್ತಿತ್ತು. "ಕೇಳುದೆಂತ ಬಾಯಮ್ಮ, ನಿಮ್ಮದೇ ಅಲ್ವಾ?" ಎನ್ನುತ್ತಿದ್ದೆ. ಹೌದು ಹೌದು ಎಂದು ನಗುವರು. ಮುಂದಿನ ಸಲ ಮತ್ತೆ ಕೇಳುವರು.

ಎರಡು ಕ್ರಿಸ್ಮಸ್ ಹಾಗೆ ಕಳೆಯಿತು. ಆಮೇಲೆ ಅವರಿಗೆ ಗುತ್ತಿಗಾರು ಕಡೆಗೆ ವರ್ಗವಾಯಿತು, ಕಾಡಂಚಿನ ಒಂದು ಸಣ್ಣ ಆರೋಗ್ಯ ಕೇಂದ್ರಕ್ಕೆ. ಮಿಷನ್ ತೆಗೆದುಕೊಂಡು ಹೋಗಿ ಎಂದೆ. "ಅಲ್ಲಿ ಕರೆಂಟೇ ಇಲ್ಲ ಮಾರಾಯ್ತಿ. ಬಂದ ಮೇಲೆ ಹೇಳಿ ಕಳಿಸ್ತೇನೆ" ಎಂದರು. ಬಸ್ಸಿನವರ ಕೈಯಲ್ಲಿ ಆಗಾಗ ಜೇನು, ಗಾಂಧಾರಿ ಮೆಣಸು ಬರುತ್ತಿತ್ತು. ನಾನು ಹಪ್ಪಳ ಕಳಿಸುತ್ತಿದ್ದೆ. ಕರೆಂಟಿನ ಸುದ್ದಿ ಬರಲಿಲ್ಲ. ಬಂದದ್ದು ಬೇರೆಯೇ ಸುದ್ದಿ. ಎದೆನೋವೆಂದು ಕುಳಿತವರು ಏಳಲಿಲ್ಲವಂತೆ.

ನಾವು ತಲುಪುವಾಗ ಅವರನ್ನು ತಮ್ಮನ ಊರಿಗೆ ಕೊಂಡುಹೋಗಿ ಆಗಿತ್ತು. ಕೇಂದ್ರದ ಆಯಾ ಅವರಿದ್ದ ಮನೆಯ ಬಾಗಿಲು ತೆರೆದಳು. ಅಡಿಗೆಕೋಣೆಯ ಕಿಟಕಿಯ ಪಕ್ಕದಲ್ಲಿ ಕೆಂಪು ಕಲ್ಲಿನ ಒಂದು ಕಟ್ಟೆ, ಮೇಲೆ ನುಣ್ಣಗೆ ಸಿಮೆಂಟು. ಗೋಡೆಯಲ್ಲಿ ಒಂದು ಪ್ಲಗ್ಗು, ವಯರಿಲ್ಲದ್ದು. ಕಟ್ಟೆಯ ಮೇಲಿನ ಹಲಗೆ ಎತ್ತರದಲ್ಲಿತ್ತು. ಒಂದು ಗೇಣು ಬಿಟ್ಟಿದ್ದರು.

"ಪಾಪ, ಅವರೇ ಕಟ್ಸಿದ್ದು" ಎಂದಳು ಆಯಾ. "ಅಲ್ಲಿ ಒಂದು ಸಾಮಾನು ಬರ್ಲಿಕ್ಕುಂಟು ಅಂತ ಹೇಳ್ತಿದ್ರು. ಒಂದು ಲೋಟ ಇಡ್ಲಿಕ್ಕೂ ನಮ್ಮನ್ನು ಬಿಡ್ತಿರ್ಲಿಲ್ಲ. ದಿನಾ ಒರ್ಸುದು. ಕರೆಂಟಿನ ಕಂಬ ರಸ್ತೆವರೆಗೆ ಬಂದಾಗಿತ್ತು..."

ನಾನು ಕಟ್ಟೆಯನ್ನು ಮುಟ್ಟಿ ನೋಡಿದೆ. ಆಮೇಲೆ ನೆಲದಿಂದ ಗೇಣು ಹಾಕಿದೆ. ಯಾಕೆ ಹಾಕಿದೆನೋ, ಕೈಗೆ ಬೇರೆ ಕೆಲಸವಿರಲಿಲ್ಲ. ನಾಲ್ಕು ಗೇಣು, ಎರಡು ಬೆರಳು ಕಡಿಮೆ. ನನ್ನ ಅಕ್ಕಿ ಪೆಟ್ಟಿಗೆಯಷ್ಟೇ ಎತ್ತರ. ಅಲ್ಲೇ ಕುಳಿತು ಅತ್ತೆ.

ಮಿಷನ್ ನನ್ನ ಬಳಿಯೇ ಉಳಿಯಿತು. ಮಗಳ ಹುಟ್ಟುಹಬ್ಬಗಳಿಗೆಲ್ಲ ತಿರುಗಿತು. ಒಂದು ದಿನ ಸುಟ್ಟ ವಾಸನೆ ಬಂದು ನಿಂತಿತು, ಅದಕ್ಕೆ ಬಿಡಿಭಾಗ ಈ ಊರಲ್ಲಿ ಎಲ್ಲಿಯೂ ಸಿಗುವುದಿಲ್ಲ ಎಂದರು. ನಾವು ಈ ಮನೆ ಕಟ್ಟಿಕೊಂಡು ಬಂದಾಗ ಜೊತೆಗೆ ಬಂತು. ಮಂಚದಡಿ ಹೋಯಿತು. ಗಂಡ ಹೋದ ಮೇಲೆ ಆ ಮಂಚದ ಕೆಳಗೆ ಬಗ್ಗಿ ನೋಡಿದವರೂ ಯಾರಿಲ್ಲ.

ಹೋದ ವಾರ ಬಡಗಿಗೆ, ಹೊಸ ಮಿಷನ್ ಎಲ್ಲಿಯಾದರೂ ಇರಲಿ, ಕಿಟಕಿಯ ಪಕ್ಕದ ಜಾಗ ಇದಕ್ಕೆ ಎಂದು ಹಳೆಯದನ್ನು ತೋರಿಸಿದೆ. ನೆಲದಿಂದ ನನ್ನ ಗೇಣಿನಲ್ಲೇ ಅಳೆದು, ನಾಲ್ಕಕ್ಕೆ ಎರಡು ಬೆರಳು ಕಡಿಮೆ ಇಟ್ಟು, ಗೋಡೆಗೆ ಗುರುತು ಹಾಕಿಸಿದೆ. ಅವನು ಪಟ್ಟಿ ಹಿಡಿದು ನೋಡಿ, ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಅಕ್ಕಾ, ಇದು ನಿಮಗೆ ತೀರಾ ತಗ್ಗಾಗ್ತದೆ. ಬಗ್ಗಿ ಬಗ್ಗಿ ಸೊಂಟ ಹೋಗ್ತದೆ ಮತ್ತೆ."

"ನನಗಲ್ಲ ಮಾರಾಯ" ಎಂದೆ.

ಅವನು ಮತ್ತೆ ಯಾರಿಗೆ ಎಂದು ಕೇಳಲು ಬಾಯಿ ತೆರೆದ. ಮನೆಯಲ್ಲಿ ಇರುವುದು ನಾನೊಬ್ಬಳೇ ಎಂದು ಅವನಿಗೆ ಗೊತ್ತುಂಟು. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲನ್ನು ತೆಗೆದು, ನಾನು ಹೇಳಿದ ಗುರುತಿಗೇ ಗೆರೆ ಎಳೆದ.